ಮೇಲೆ ಹೋಗಿ ಬಂದ ಕುಳ್ಳ ರಾಗಿ

ಕುಳ್ಳ ರಾಗಿ ತೆನೆ ಹಾಕಿತು! ಒಂದು ಗಿಡವಲ್ಲ, ಎರಡು ಗಿಡವಲ್ಲ, ಸಾಲಿಗೆ ಸಾಲೇ ಹಾಕಿತು. ಮೊಣಕಾಲಿನೆತ್ತರಕ್ಕೆ ನಿಂತ ಪೈರು, ಒಂದೊಂದರ ತಲೆಯ ಮೇಲೂ ಮುಷ್ಟಿ ಕಟ್ಟಿದಂಥ ತೆನೆ. ಪಕ್ಕದಲ್ಲೇ ಅದೇ ದಿನ ಬಿತ್ತಿದ ನಮ್ಮ ಮನೆ ರಾಗಿ ಮಾತ್ರ ಸೊಂಟದವರೆಗೆ ಬೆಳೆದು, ತೆನೆಯ ಸುಳಿವೇ ಇಲ್ಲದೆ, ಕೆಲಸವಿಲ್ಲದ ಉದ್ದನೆಯ ಗಂಡಸರ ಹಾಗೆ ಗಾಳಿಗೆ ತೂಗಾಡುತ್ತಾ ನಿಂತಿತ್ತು.

ನಿನ್ನೆ ಬೆಳಿಗ್ಗೆ ನನ್ನ ಮೊಮ್ಮಗಳು ಇದನ್ನು ನೋಡಿ ಬದುವಿನ ಮೇಲೆ ನಿಂತು ಹಾಕಿದ ಕೂಗಿಗೆ ತೆಂಗಿನ ತೋಟದ ಕಾಗೆಗಳೆಲ್ಲ ಎದ್ದು ಹೋದವು. ನಾನೂ ಕೂಗಿದೆ. "ಲೇ, ಈ ವಯಸ್ಸಲ್ಲಿ ಹಂಗೆಲ್ಲಾ ಕೂಗ್ಬಾರ್ದು ಕಣೇ, ಎದೆ ಒಡ್ದೋಗ್ತೈತೆ" ಎಂದು ನಮ್ಮ ಯಜಮಾನರು ಬುದ್ಧಿ ಹೇಳಿದರು. ಹೇಳಿದ್ದೂ ಕೂಗಿಕೊಂಡೇ.

ಬರೀ ರಾಗಿ ತೆನೆ ಹಾಕಿದ್ದಕ್ಕೆ ನಾನು ಹೀಗೆ ಕುಣಿಯುವವಳಲ್ಲ. ದೇವನೂರು ಕಡೆಯ, ಮಳೆ ನಂಬಿದ ನಮ್ಮ ಬೆದ್ದಲು ಹೊಲದಲ್ಲಿ ರಾಗಿ ತೆನೆ ಹಾಕುವುದು ಹೊಸದೇನೂ ಅಲ್ಲ, ಅದು ಅದರ ಕಸುಬು. ಆದರೆ ಈ ಕುಳ್ಳ ರಾಗಿಯ ಅಜ್ಜಿ ಬಾಹ್ಯಾಕಾಶಕ್ಕೆ ಹೋಗಿ ಬಂದವಳು. ಆ ಅಜ್ಜಿ ಹುಟ್ಟಿದ್ದು ನನ್ನ ಹೊಲದಲ್ಲಿ, ಬೆಳೆದದ್ದು ನನ್ನ ಸೋರೆ ಬುರುಡೆಯಲ್ಲಿ. ಹೀಗಾಗಿ ನನಗೂ ಅವಳಿಗೂ ನೆಂಟಸ್ತನ ಉಂಟು.

ಮೊಮ್ಮಗಳು ವ್ಯವಸಾಯದ ಕಾಲೇಜಿನಲ್ಲಿ ದೊಡ್ಡ ಓದು ಓದುತ್ತಿದ್ದಾಳೆ. ಕೆಲವು ವರ್ಷದ ಹಿಂದೆ ಒಂದು ದಿನ ಬಂದವಳೇ, "ಅಜ್ಜಿ, ಒಂದು ಹಿಡಿ ಬಿತ್ತನೆ ರಾಗಿ ಕೊಡು, ಮೇಲಕ್ಕೆ ಕಳಿಸ್ಬೇಕು" ಎಂದಳು.

"ಮೇಲಕ್ಕೆ ಅಂದ್ರೆ? ಅಟ್ಟಕ್ಕಾ?"

"ಇನ್ನೂ ಮೇಲಕ್ಕೆ."

"ಸ್ವರ್ಗಕ್ಕಾ? ಇರು, ನಿಮ್ಮ ತಾತ ಹೋಗೋವಾಗ ಗಂಟು ಕಟ್ಟಿ ಕಳಿಸ್ತೀನಿ."

ಜಗುಲಿಯಲ್ಲಿ ಕೂತಿದ್ದ ಯಜಮಾನರು ಅಲ್ಲಿಂದಲೇ, "ನಾನು ಯಾವ ಮೂಟೇನೂ ಹೊರಾಕಿಲ್ಲ. ಅಲ್ಲಿಗೋದ್ಮೇಲಾದ್ರೂ ಕೈ ಬೀಸ್ಕೊಂಡು ಓಡಾಡ್ತೀನಿ" ಎಂದರು. ಇಲ್ಲಿ ಅವರು ಏನು ಹೊತ್ತಿದ್ದಾರೆ ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ರಾಕೆಟ್ಟಿನಲ್ಲಿ ಬೇರೆ ಬೇರೆ ಬೆಳೆಯ ಬೀಜಗಳನ್ನು ಕಳಿಸುತ್ತಾರಂತೆ. ಅವು ಭೂಮಿಯ ಸುತ್ತ ಕೆಲವು ಕಾಲ ಗಿರಗಿರ ಸುತ್ತಿ ವಾಪಸು ಬರುತ್ತವಂತೆ. ಹಾಗೆ ಹೋಗುವ ಬೀಜಗಳಲ್ಲಿ ನಮ್ಮ ಕಡೆಯ ರಾಗಿಗೂ ಜಾಗ ಸಿಕ್ಕಿತ್ತು. ನಾನು ಬುರುಡೆಯ ಬಾಯಿ ತೆಗೆದು, ಬೂದಿಯಲ್ಲಿ ಬೆರೆಸಿಟ್ಟಿದ್ದ ಬೀಜವನ್ನು ಮೊರದಲ್ಲಿ ಒನೆದು ಕೊಟ್ಟೆ. ನಾನು ಬಸ್ಸು ಹತ್ತಿ ದೂರ ಹೋಗುವುದೆಂದರೆ ತರೀಕೆರೆ ಸಂತೆ, ಅದಕ್ಕಿಂತ ದೂರವೆಂದರೆ ಲಿಂಗದಹಳ್ಳಿಗೆ ಕೊಟ್ಟಿರುವ ಮಗಳ ಮನೆ. ಕಡೂರು ಸ್ಟೇಷನ್ನಿಗೆ ಹೋದರೂ ಬೇರೆಯವರನ್ನು ರೈಲು ಹತ್ತಿಸಿ ಕೈ ಬೀಸಿ ಬರುವವಳು. ನನ್ನ ಬುರುಡೆಯ ರಾಗಿ ಮಾತ್ರ ಟಿಕೆಟ್ಟಿಲ್ಲದೆ ಲೋಕವನ್ನೇ ಸುತ್ತಿತು. ನನಗಂತೂ ಬೀರೂರು ದಾಟುವುದರೊಳಗೆ ವಾಂತಿ ಬರುತ್ತದೆ. ಅದರ ಒಂದು ಕಾಳಿಗೂ ಏನೂ ಆಗಲಿಲ್ಲ.

"ಅಲ್ಲಿ ಅದಕ್ಕೆ ಏನ್ಮಾಡ್ತಾರೆ?" ಎಂದು ಬೀಜ ಕೊಡುವಾಗ ಮೊಮ್ಮಗಳನ್ನು ಕೇಳಿದೆ.

"ಯಾರೂ ಏನೂ ಮಾಡಲ್ಲ ಅಜ್ಜಿ, ಸುಮ್ನೆ ಇಟ್ಟಿರ್ತಾರೆ."

ಸುಮ್ಮನೆ ಇಡುವುದಕ್ಕೆ ಅಷ್ಟು ದೂರ ಯಾಕೆ ಎಂದಾಗ ಅವಳು ಬಿಡಿಸಿ ಹೇಳಿದಳು. ನಮ್ಮ ಮೇಲೆ ಗಾಳಿ ಎನ್ನುವುದು ಕಂಬಳಿಯ ಹಾಗೆ ಹೊದ್ದಿಕೊಂಡಿದೆ. ಸೂರ್ಯನಿಂದ, ನಕ್ಷತ್ರಗಳಿಂದ ಬರುವ ಕೆಟ್ಟ ಕಿರಣಗಳನ್ನು ಆ ಕಂಬಳಿ ತಡೆಯುತ್ತದೆ. ಮೇಲೆ ಕಂಬಳಿಯಿಲ್ಲ. ಕಣ್ಣಿಗೆ ಕಾಣದ ಕಿರಣ ಕಾಳಿನೊಳಗೆ ನುಗ್ಗಿ ಈಚೆಗೆ ಬರುತ್ತದೆ. ಹೋಗುವ ದಾರಿಯಲ್ಲಿ ಗಿಡ ಹೇಗೆ ಬೆಳೆಯಬೇಕು ಎಂದು ಕಾಳಿನೊಳಗೆ ಬರೆದಿರುವುದನ್ನು ಅಲ್ಲೊಂದು ಇಲ್ಲೊಂದು ಕಡೆ ಕೆಡಿಸಿಬಿಡುತ್ತದೆ. ಕೆಡಿಸಿದ್ದರಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಬಾರದ್ದು. ಎಲ್ಲೋ ಒಂದೊಂದು ಮಾತ್ರ ಒಳ್ಳೆಯದಕ್ಕೇ ಕೆಟ್ಟಿರುತ್ತದೆ. ಗಿಡ ಕುಳ್ಳಾಗಿ ಗಾಳಿಗೆ ಮಲಗದೆ ನಿಲ್ಲಬಹುದು, ಬೇಗ ತೆನೆ ಹಾಕಬಹುದು.

"ಬ್ರಹ್ಮ ಬರ್ದಿದ್ನ ಕೆಡ್ಸಕ್ಕೆ ಅಷ್ಟು ಮೇಲಕ್ಕೆ ಹೋಗ್ಬೇಕೇನೇ? ಒಂದ್ಸಲ ನಿಮ್ಮ ತಾತನ ಕೈಗೆ ಕೊಟ್ಟಿದ್ರೆ ಸಾಕಿತ್ತು" ಎಂದೆ.

ಬೀಜ ವಾಪಸು ಬಂತು. ಕಾಲೇಜಿನಲ್ಲಿ ಬಿತ್ತಿದಳು. ಬೆಳೆದ ಗಿಡಗಳು ನಮ್ಮ ಹೊಲದ ರಾಗಿಯ ಹಾಗೆಯೇ ಇದ್ದವು, ಒಂದು ಎಲೆಯೂ ಹೆಚ್ಚುಕಡಿಮೆಯಿಲ್ಲ. ಪಕ್ಕದ ಹೊಲದಾಕೆ ನನ್ನ ಜೊತೆ ಕಳೆ ಕೀಳುವವಳು, ಬಾಯಿ ಸ್ವಲ್ಪ ಜೋರು. "ಏನಕ್ಕಾ, ಆಕಾಶ ನೋಡ್ಬಂದೋಳು ಹೋದಂಗೇ ವಾಪಸ್ ಬಂದ್ಳಂತೆ? ನಮ್ಮ ಭಾವ ಕಾಶಿಗೋಗಿ ಬಂದಂಗಾಯ್ತು ಬಿಡು. ಗಂಗೇಲಿ ಮುಳುಗಿ ಬಂದ್ರೂ ಬೀಡಿ ಬಿಡ್ಲಿಲ್ಲ" ಎಂದು ಆಡಿಕೊಂಡಳು.

ಮೊಮ್ಮಗಳು ಮಾತ್ರ ಎದೆಗುಂದಲಿಲ್ಲ. ಕಾಳಿನೊಳಗಿನ ಬರಹ ಎರಡೆರಡು ಪ್ರತಿ ಇರುತ್ತದಂತೆ. ಒಂದು ಕೆಟ್ಟರೆ ಇನ್ನೊಂದು ಅದರ ಮಾನ ಮುಚ್ಚುತ್ತದಂತೆ. ಮಕ್ಕಳ ಕಾಲಕ್ಕೆ ಗುಟ್ಟು ಈಚೆಗೆ ಬೀಳುತ್ತದಂತೆ. ಇದು ನನಗೆ ತಕ್ಷಣ ಅರ್ಥವಾಯಿತು. ನಮ್ಮ ಮಾವನವರ ಮೂಗು ಯಜಮಾನರಿಗೆ ಬರಲಿಲ್ಲ. ನಾನೂ ಬಚಾವಾದೆ ಅಂದುಕೊಂಡಿದ್ದೆ. ಆಮೇಲೆ ಅದು ನಮ್ಮ ಮಗನ ಮುಖದ ನಡುವೆ ಬಂದು ಕೂತಿತು.

ಆದರೆ ಅವಳಿಗೆ ಓದು ಕಲಿಸುವ ಮೇಷ್ಟ್ರು ಒಂದು ಮಾತು ಹೇಳಿದ್ದರು. ಎರಡನೇ ಬೆಳೆಯಲ್ಲಿ, ಮನೆ ರಾಗಿಯಲ್ಲಿ ಇಲ್ಲದ ಬದಲಾವಣೆಯೊಂದು ಈ ರಾಗಿಯಲ್ಲಿ ಕಾಣಲೇಬೇಕು. ಕಾಣದಿದ್ದರೆ ಈ ವಿಷಯ ಕೈಬಿಟ್ಟು ಬೇರೆಯದನ್ನು ಮೊದಲಿನಿಂದ ಹಿಡಿಯಬೇಕು. ಅದಕ್ಕೆ ಅವಳ ಓದಿನಲ್ಲಿ ಕಾಲ ಉಳಿದಿರಲಿಲ್ಲ. ಅಷ್ಟು ವರ್ಷದ ದುಡಿಮೆಯೆಲ್ಲ ಎರಡನೇ ಬೆಳೆಯ ಮೇಲೆ ನಿಂತಿತ್ತು.

ಆ ಎರಡನೇ ಬೆಳೆಯನ್ನು ಹೋದ ಮಳೆಗಾಲದಲ್ಲಿ ನಮ್ಮ ಹೊಲದಲ್ಲೇ ಬಿತ್ತಿದಳು. ನಡುವೆ ಒಂದು ಬದು. ಆ ಕಡೆ ಮೇಲೆ ಹೋಗಿ ಬಂದ ರಾಗಿಯ ಮಕ್ಕಳು, ಈ ಕಡೆ ಎಲ್ಲೂ ಹೋಗದ ನಮ್ಮ ಮನೆ ರಾಗಿ. ಒಂದೊಂದು ತಾಯಿಗಿಡದ ಬೀಜಕ್ಕೆ ಒಂದೊಂದು ಸಾಲು, ಸಾಲಿಗೊಂದು ಕಡ್ಡಿ ಚುಚ್ಚಿದಳು. ಪೈರು ಗೇಣುದ್ದವಾಗುವ ಹೊತ್ತಿಗೆ ಕಾಲೇಜಿನಿಂದ ಕರೆ ಬಂತು. ಹೊರಡುವಾಗ, "ಅಜ್ಜಿ, ಹೊಲ ನಿನ್ನ ಕೈಲಿದೆ. ಕಳೆ ಒಂದೂ ಇರಬಾರ್ದು" ಎಂದು ಹೇಳಿ ಹೋದಳು.

ನನ್ನ ಕೈಯಲ್ಲಿ ಕೊಟ್ಟ ಮೇಲೆ ಕೇಳಬೇಕೆ? ಅಜ್ಜಂಪುರದ ಕಡೆಯಿಂದಲೂ ಜನ ಬಿತ್ತನೆ ರಾಗಿಗೆ ನಮ್ಮ ಮನೆಗೆ ಬರುತ್ತಾರೆ. ಯಾಕೆಂದರೆ ನನ್ನ ಬೀಜದಲ್ಲಿ ಬೆರಕೆ ಇರುವುದಿಲ್ಲ. ಕಳೆ ತೆಗೆಯುವಾಗಲೇ ನಾನು ಸಾಲು ಸಾಲು ನಡೆದು, ಅಕ್ಕಪಕ್ಕದವರ ಹಾಗಿಲ್ಲದ ಪೈರನ್ನೆಲ್ಲ ಕಿತ್ತುಬಿಡುತ್ತೇನೆ. ಎಲೆ ಅಗಲವಾದದ್ದು, ಬುಡ ಕೆಂಪಾದದ್ದು, ತೀರಾ ಉದ್ದ, ತೀರಾ ಗಿಡ್ಡ, ಎಲ್ಲಕ್ಕೂ ಅದೇ ಗತಿ. ಅತ್ತೆ ಕಲಿಸಿದ್ದು. ಅತ್ತೆಗೆ ನನ್ನನ್ನೂ ಹಾಗೇ ಕಿತ್ತೆಸೆಯಬೇಕು ಎಂದಿತ್ತು, ಆಗಲಿಲ್ಲ.

ಪಕ್ಕದ ಹೊಲದಾಕೆಯನ್ನು ಕರೆದುಕೊಂಡು ಇಳಿದೆ. ಮನೆ ರಾಗಿಯ ಕಡೆ ಕಳೆ ಬಿಟ್ಟರೆ ಕೀಳುವುದಕ್ಕೆ ಏನೂ ಇರಲಿಲ್ಲ. ಬದು ದಾಟಿ ಆ ಕಡೆ ಹೋದರೆ ನನ್ನ ಮಾನ ಹೋಯಿತು. ಒಂದು ಪೈರು ಪಾದ ಮುಚ್ಚದಷ್ಟು ಗಿಡ್ಡ. ಇನ್ನೊಂದರ ಎಲೆಗೆ ಸೀರೆಯ ಪಟ್ಟೆಯ ಹಾಗೆ ಬಿಳಿ ಗೀರು. ಮತ್ತೊಂದರ ಎಲೆ ವೀಳ್ಯದ ಬೀಡದ ಹಾಗೆ ಮುದುರಿಕೊಂಡಿದೆ.

"ಇದೇನಕ್ಕಾ, ನಿನ್ನ ಬೀಜ್ದಾಗೆ ಇಷ್ಟೊಂದು ಬೆರಕೆ!" ಎಂದಳು ಅವಳು, ಖುಷಿಯಿಂದ.

"ನಂದಲ್ಲ ಕಣೇ. ಕಾಲೇಜಿನೋರು ಯಾವ್ದೋ ಜರಡೀಲಿ ಹಾಕಿ ಕೆಡ್ಸವ್ರೆ. ಕೀಳು, ಒಂದೂ ಬಿಡ್ಬೇಡ."

ಒಂದನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಲ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗಾಯಿತು. ಕಿತ್ತ ರಾಶಿಯನ್ನು ಯಜಮಾನರು ಹೆಗಲ ಮೇಲೆ ಹಾಕಿಕೊಂಡು ಹಸುವಿಗೆ ಒಯ್ದರು. ಮದುವೆಯಾದಾಗಿನಿಂದ ನಾನು ಹೇಳದೆ ಅವರೇ ಮಾಡಿದ ಕೆಲಸ ಅದೊಂದೇ. ಅದನ್ನೂ ಅವತ್ತೇ ಮಾಡಬೇಕಾಗಿತ್ತು.

ಅಷ್ಟರಲ್ಲಿ ಕಡೂರಿನ ಬಸ್ಸಿಳಿದು ಮೊಮ್ಮಗಳು ಸೀದಾ ಹೊಲಕ್ಕೇ ಬಂದಳು. ನಾನು ಮದುವೆಮನೆ ತೋರಿಸುವವಳ ಹಾಗೆ ಕೈಹಿಡಿದು ಕರೆದುಕೊಂಡು ಹೋದೆ.

"ನೋಡವ್ವಾ, ಹೆಂಗೈತೆ?"

"ಚೆನ್ನಾಗಿದೆ ಅಜ್ಜಿ" ಎಂದು ಒಂದು ಸಾಲು ನಡೆದಳು. ಇನ್ನೊಂದು ಸಾಲು ನಡೆದಳು. ಬಗ್ಗಿದಳು. ತಿರುಗಿ ನನ್ನನ್ನು ನೋಡಿದಳು. "ಅಜ್ಜಿ, ಮಧ್ಯ ಮಧ್ಯ ಜಾಗ ಖಾಲಿ ಇದ್ಯಲ್ಲ, ಇಲ್ಲಿದ್ದ ಪೈರೆಲ್ಲಿ?"

"ಬೆರಕೆ ಇತ್ತು ಕಣೇ. ಗಿಡ್ಡವು, ಪಟ್ಟೆಯವು, ಏನೇನೋ. ನಿನ್ನ ಹೊಲ ಕೆಡಬಾರ್ದು ಅಂತ ಎಲ್ಲಾ ಕಿತ್ತಾಕ್ದೆ."

ಅವಳು ಬದುವಿನ ಮೇಲೆ ಕೂತುಬಿಟ್ಟಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಸರಿಮಾಡಿಕೊಳ್ಳುತ್ತಿದ್ದೆ. "ಅಜ್ಜಿ, ನಾನು ಹುಡುಕ್ತಾ ಇದ್ದಿದ್ದೇ ಅವನ್ನ" ಎಂದು ಮೆಲ್ಲಗೆ ಹೇಳಿದಳು.

ಗಿಡ ಕುಳ್ಳಾಗಬಹುದು ಎಂದು ಅವಳು ಹಿಂದೆ ಬಿಡಿಸಿ ಹೇಳಿದ್ದು ನನಗೆ ಆಗ ನೆನಪಾಯಿತು, ಕಳೆ ಕೀಳುವ ಕೈಗೆ ನೆನಪಿರಲಿಲ್ಲ. ಹೊಲ ಚೊಕ್ಕ ಮಾಡಿದೆ ಅಂದುಕೊಂಡು ಮಗುವಿನ ಅಷ್ಟೂ ವರ್ಷವನ್ನು ಕಿತ್ತು ಹಾಕಿದ್ದೆ. ಪಕ್ಕದ ಹೊಲದಾಕೆ ಅವಳ ಪುಣ್ಯಕ್ಕೆ ಆಗಲೇ ಮನೆಗೆ ಹೋಗಿದ್ದಳು.

"ಕಿತ್ತಿದ್ದು ಎಲ್ಲಿದೆ?" ಎಂದಳು.

"ಹಸೀಗೆ."

ಇಬ್ಬರೂ ಓಡಿದೆವು. ಅವಳು ಓಡಿದಳು, ನಾನು ಸೀರೆ ಎತ್ತಿ ಕಟ್ಟಿಕೊಂಡು ಉರುಳಿದೆ. ಕೊಟ್ಟಿಗೆಯಲ್ಲಿ ಹಸು ಪಟ್ಟೆ ಎಲೆಯದನ್ನೆಲ್ಲ ಮುಗಿಸಿ, ಮುದುರೆಲೆಯದಕ್ಕೆ ಬಾಯಿ ಹಾಕಿತ್ತು. ಮೊಮ್ಮಗಳು ಗೋದಲಿಗೆ ಇಳಿದು ಅದರ ಬಾಯಿಯಲ್ಲಿದ್ದದ್ದನ್ನು ಹಿಡಿದು ಎಳೆದಳು. ಹಸು ಆ ಕಡೆಯಿಂದ ಎಳೆಯಿತು.

"ಅಯ್ಯೋ, ಬಾಯಿಗೆ ಬಂದಿದ್ನ ಕಿತ್ಕೋಬ್ಯಾಡ ಕಣವ್ವಾ, ಪಾಪ, ತಿನ್ಲಿ" ಎಂದರು ಯಜಮಾನರು.

"ತಾತ, ಅದು ತಿಂತಿರೋದು ನನ್ನ ಪರೀಕ್ಷೆ!"

"ಹಂಗಾದ್ರೆ ಹಸೀನೇ ಪಾಸಾಗ್ತೈತೆ ಬಿಡು" ಎಂದವರು, ನನ್ನ ಮುಖ ನೋಡಿ ಹಸುವಿನ ಹಿಂದಕ್ಕೆ ಸರಿದರು.

ಗೋದಲಿಯ ತಳದಲ್ಲಿ ಒಂದು ಹಿಡಿ ಉಳಿದಿತ್ತು. ಹೆಚ್ಚಾಗಿ ಗಿಡ್ಡ ಪೈರುಗಳೇ. ಹಸು ಉದ್ದದ್ದನ್ನು ಮೊದಲು ತಿಂದು, ಗಿಡ್ಡದ್ದನ್ನು ಕೊನೆಗೆ ಎಂದು ಬಿಟ್ಟಿತ್ತು. ಮೊಮ್ಮಗಳ ಕಣ್ಣು ತುಂಬಿಕೊಂಡಿತು. "ಅಳೋದಾದ್ರೆ ಆಮೇಲೆ ಕೂತು ಅಳೋಣ, ನಾನೂ ಅಳ್ತೀನಿ. ಮೊದ್ಲು ನೀರು ತಾ" ಎಂದೆ.

ಕಿತ್ತ ರಾಗಿ ಪೈರು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಹಿಂದೆ ನೀರಿರುವ ಕಡೆ ನಾವು ರಾಗಿಯನ್ನು ಒಟ್ಲು ಪಾತಿಯಲ್ಲಿ ಸಸಿ ಎಬ್ಬಿಸಿ, ಕಿತ್ತು, ನಾಟಿ ಮಾಡುತ್ತಿದ್ದೆವಲ್ಲ. ಎಲೆಯ ತುದಿ ಚಿವುಟಿದೆ. ಬೇರನ್ನು ಸಗಣಿ ಬಗ್ಗಡದಲ್ಲಿ ಅದ್ದಿದೆ. ಬೋರ್‌ವೆಲ್ ತೊಟ್ಟಿಯ ಕೆಳಗೆ, ಯಾವಾಗಲೂ ಜಿನುಗುವ ತೇವದಲ್ಲಿ ನೆಟ್ಟೆವು. ಬಿಸಿಲು ತಾಗದಂತೆ ತೆಂಗಿನ ಸೋಗೆ ಮುಚ್ಚಿದೆವು. ನಾನು ಯಾವ ದೇವರನ್ನೂ ಬಿಡಲಿಲ್ಲ. ಅದುವರೆಗೆ ನಾನು ಬೈದಿದ್ದ ದೇವರುಗಳಿಗೂ ಕೈಮುಗಿದೆ. ಬೈಯುವುದನ್ನು ಆಮೇಲೆ ಮುಂದುವರಿಸಿದರಾಯಿತು.

ಸಂಜೆ ಅವಳು ಮೇಷ್ಟ್ರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಹಸುವನ್ನೂ ಬಿಡಲಿಲ್ಲ. ಆ ಕಡೆಯಿಂದ ಅವರೇನೋ ಕೇಳಿದರು. ಇವಳು ನನ್ನ ಕಡೆ ತಿರುಗಿ, "ಅಜ್ಜಿ, ಮನೆ ರಾಗಿ ಕಡೆಯಿಂದ ಎಷ್ಟು ಬೆರಕೆ ಕಿತ್ತೆ?" ಎಂದಳು.

"ಅದು ನನ್ನ ಬೀಜ. ಅದ್ರಾಗೆ ಕೀಳಾಕೆ ಏನಿರ್ತೈತೆ?"

"ಒಂದೂ ಇಲ್ವಾ?"

"ಒಂದೂ ಇಲ್ಲ. ಬೇಕಾದ್ರೆ ಪಕ್ಕದ ಹೊಲದಾಕೇನ ಕೇಳು. ಇದ್ದಿದ್ರೆ ಊರಿಗೆಲ್ಲಾ ಸಾರಿರೋಳು."

ಅವಳ ಮುಖದಲ್ಲಿ ಅವತ್ತು ಮೊದಲ ಸಲ ಬೆಳಕು ಬಂತು. ಕಿತ್ತದ್ದೆಲ್ಲ ಮೇಲೆ ಹೋಗಿ ಬಂದ ರಾಗಿಯದೇ ಆದರೆ, ಬದಲಾವಣೆ ಇದ್ದದ್ದು ನಿಜ. ಯಾವ ಪೈರು ಯಾವ ಸಾಲಿನದು ಎನ್ನುವುದು ಹೋಯಿತು, ಅದು ನಷ್ಟವೇ. ಆದರೆ ಉಳಿದವು ಬದುಕಿ ತೆನೆ ಹಾಕಿದರೆ ಎಲ್ಲ ಹೋದಂತಲ್ಲ ಎಂದು ಮೇಷ್ಟ್ರು ಹೇಳಿದರಂತೆ. ಅಜ್ಜಿಯನ್ನು ಹೊಲದಿಂದ ದೂರವಿಡು ಎಂದೂ ಹೇಳಿದರಂತೆ. ಇದನ್ನು ಅವಳು ಹೇಳಲಿಲ್ಲ, ಫೋನಿನೊಳಗಿಂದ ನನಗೇ ಕೇಳಿಸಿತು.

ಮಾರನೆಯ ದಿನದಿಂದ ಯಜಮಾನರು ಕಾಫಿ ಕುಡಿಯುವಾಗ ಲೋಟ ಎತ್ತಿ ನೋಡತೊಡಗಿದರು. "ಲೇ, ಈ ಹಾಲು ಕುಡಿದ್ಮೇಲೆ ಮೈ ಹಗುರಾದಂಗಾಗ್ತೈತೆ ಕಣೇ. ನಾನೂ ಮೇಲಕ್ಕೆ ಹೋಗ್ತೀನೇನೋ."

"ಹೋಗ್ರೀ, ಸೋಗೆ ಇಳಿಸೋ ಕೆಲಸ ಐತೆ. ಮರದಷ್ಟು ಎತ್ತರಕ್ಕೆ ಹೋದ್ರೆ ಸಾಕು" ಎಂದೆ.

ನೆಟ್ಟ ಪೈರಿನಲ್ಲಿ ಬಹಳಷ್ಟು ಒಣಗಿ ಹೋದವು. ಮುದುರೆಲೆಯವು ಒಂದೂ ಉಳಿಯಲಿಲ್ಲ. ಗಿಡ್ಡವು ಕೆಲವು ಮಾತ್ರ ಹಟ ಹಿಡಿದು ಬೇರು ಬಿಟ್ಟವು. ಹಸುವಿನ ಬಾಯಿಂದ ಬಂದದ್ದು ನಮ್ಮ ಮೇಲಿನ ಸಿಟ್ಟಿಗೇ ಬದುಕಿದ ಹಾಗಿತ್ತು. ಕುಳ್ಳಾಗಿಯೇ ನಿಂತು, ಹೊಲದ ರಾಗಿಗಿಂತ ಮೊದಲೇ ತೆನೆ ಹಾಕಿದವು. ನಾನು ಆವತ್ತೇ ಊರಿಗೆಲ್ಲ ಸಕ್ಕರೆ ಹಂಚಲು ಹೊರಟಿದ್ದೆ. ಮೊಮ್ಮಗಳು ಸೆರಗು ಹಿಡಿದು ನಿಲ್ಲಿಸಿದಳು.

"ಈಗಲೇ ಬೇಡ ಅಜ್ಜಿ. ಕಿತ್ತು ನೆಟ್ಟ ಗಿಡ, ಪೆಟ್ಟು ತಿಂದಿದ್ದಕ್ಕೇ ಹೀಗೆ ಆಗಿರಬಹುದು. ಇದರ ಬೀಜ ಬಿತ್ತಿ, ಮಕ್ಕಳೂ ಕುಳ್ಳಾಗಿ ಬಂದು ಬೇಗ ತೆನೆ ಹಾಕಿದ್ರೆ ಮಾತ್ರ ನಿಜ. ಇಲ್ಲಾಂದ್ರೆ ನಾವು ನೋಡಿದ್ದು ಪೆಟ್ಟಿನ ಗುರುತು ಅಷ್ಟೆ."

ಹಾಗಾಗಿ ಈ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಕಟ್ಟಿ ಆ ಬೀಜ ಬಿತ್ತಿದಳು, ಪಕ್ಕದಲ್ಲಿ ಮನೆ ರಾಗಿ. ಸುತ್ತ ಗೂಟ ನೆಟ್ಟು ಹಗ್ಗ ಬಿಗಿದಳು. ನನಗೂ ಹಸುವಿಗೂ ಒಂದೇ ಬೇಲಿ. ಕಳೆಯನ್ನೂ ಅವಳೇ ಕಿತ್ತಳು. ನಾನು ಹಗ್ಗದ ಆಚೆ ನಿಂತು, "ಅಲ್ಲೊಂದೈತೆ ನೋಡು, ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಕೂಗುತ್ತಿದ್ದೆ. ನನ್ನ ಕೈ ತುರಿಸಿದ ತುರಿಕೆ ಯಾವ ದೇವರಿಗೂ ಬೇಡ. ಪೈರು ಎಳೆಯದಿದ್ದಾಗ ಎರಡು ಕಡೆಯೂ ಒಂದೇ ಹಾಗೆ ಕಾಣುತ್ತಿತ್ತು. ಆಗ ಅವಳಿಗೆ ಅನ್ನ ಸೇರಲಿಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದಳು. ನಾನು ಆ ಅರ್ಧ ಮುದ್ದೆಯನ್ನು ನೋಡಿ, ನನ್ನ ಕೈಯನ್ನು ನೋಡಿಕೊಳ್ಳುತ್ತಿದ್ದೆ.

ಆಮೇಲೆ ಮನೆ ರಾಗಿ ಮೇಲಕ್ಕೆ ಎದ್ದಿತು. ಇದು ಏಳಲಿಲ್ಲ. ಬುಡದಿಂದ ಮರಿ ಎಬ್ಬಿಸಿ ಅಗಲಕ್ಕೆ ತೆಂಡೆ ಒಡೆಯಿತು. ನಿನ್ನೆ ಬೆಳಿಗ್ಗೆ ತೆನೆ.

ಕೂಗಿ ಮುಗಿಸಿದ ಮೇಲೆ ಅವಳು ಒಂದೊಂದು ಗಿಡವನ್ನೂ ಅಳತೆ ಕಡ್ಡಿ ಹಿಡಿದು ನೋಡಿದಳು. ಎಲ್ಲವೂ ಕುಳ್ಳು. ಒಂದೂ ತಪ್ಪಿಸಿಕೊಂಡು ಉದ್ದವಾಗಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು, "ಪ್ರಬಂಧ ಬರೆಯೋಕೆ ಶುರುಮಾಡು" ಎಂದರಂತೆ. ಅಷ್ಟೇ ಮಾತು. ಅವಳು ಫೋನ್ ಕೆಳಗಿಟ್ಟು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಹೋದ ಮಳೆಗಾಲದಲ್ಲಿ ಆಮೇಲೆ ಅಳೋಣ ಎಂದಿದ್ದೆನಲ್ಲ, ಆ ಅಳುವನ್ನು ನಾವಿಬ್ಬರೂ ಈಗ ಅತ್ತೆವು. ಅಳು ಮುಗಿದ ಮೇಲೆ ಹಗ್ಗ ಎತ್ತಿ ಹಿಡಿದು, "ಬಾ ಅಜ್ಜಿ, ಒಳಗೆ ಬಾ" ಎಂದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೋದೆ. ಒಂದು ತೆನೆಯನ್ನು ಮಾತ್ರ, ಅವಳು ಹೂಂ ಅಂದ ಮೇಲೆ, ಒಂದು ಬೆರಳಲ್ಲಿ ಸವರಿದೆ.

ಇದನ್ನು ಊರಿಗೆ ಕೊಡಬೇಕಾದರೆ ಇನ್ನೂ ಕೆಲವು ವರ್ಷ ಬಿತ್ತಿ ನೋಡಬೇಕಂತೆ. ಕಾಳು ಎಷ್ಟು ಬರುತ್ತದೆ, ಮಳೆಗಾಳಿಗೆ ನಿಲ್ಲುತ್ತದೋ ಇಲ್ಲವೋ, ರೋಗಕ್ಕೆ ಬಗ್ಗುತ್ತದೋ ಎಂದೆಲ್ಲ. "ಹುಲ್ಲು ಗಿಡ್ಡ ಆಯ್ತಲ್ಲ, ಹಸೀಗೆ ಏನು ಹಾಕೋದು?" ಎಂದು ಯಜಮಾನರು ಕೇಳಿದರು. "ಒಳ್ಳೆ ಪ್ರಶ್ನೆ ತಾತ, ಅದನ್ನೂ ನೋಡ್ಬೇಕು" ಎಂದು ಅವಳು ಮನಸಾರೆ ಹೇಳಿದಳು. ಆಗಿನಿಂದ ಅವರ ನಡಿಗೆಯೇ ಬದಲಾಗಿದೆ.

ಸಂಜೆಗೆ ಲಿಂಗದಹಳ್ಳಿಯಿಂದ ಮಗಳು ಅಳಿಯ ಬಂದರು. ಕಡೂರು ಅಜ್ಜಂಪುರದ ನಡುವೆ ಬಸ್ಸು ಓಡಿಸುವ ಮಗ, ಮೊಮ್ಮಗಳ ಅಪ್ಪ, ಕೊನೆಯ ಟ್ರಿಪ್ಪನ್ನು ಇನ್ನೊಬ್ಬನಿಗೆ ಒಪ್ಪಿಸಿ ಬಂದ. ಸೊಸೆ, "ಅತ್ತೆ, ಇವತ್ತು ಮುದ್ದೆ ಬೇಡ, ಒತ್ತು ಶಾವಿಗೆ ಮಾಡಣ" ಎಂದು ಮನೆ ರಾಗಿ ಹಿಟ್ಟನ್ನು ಬೇಯಿಸಿ ಉಂಡೆ ಕಟ್ಟಿದಳು. ಶಾವಿಗೆ ಒತ್ತುವುದೆಂದರೆ ಮನೆಮಂದಿಯೆಲ್ಲ ಮರದ ಶಾವಿಗೆ ಒರಳಿನ ಹಿಡಿಗೆ ಜೋತುಬೀಳಬೇಕು. ಮಗ ಒಂದು ಕಡೆ, ಅಳಿಯ ಒಂದು ಕಡೆ ನೇತಾಡಿದರು. ಮಗಳು ಕಾಯಿ ತುರಿದು ಹಾಲು ಹಿಂಡಿ, ಬೆಲ್ಲ ಏಲಕ್ಕಿ ಹಾಕಿದಳು.

"ಆ ಮೇಲಿಂದ ಬಂದ ರಾಗೀದೇ ಒಂದು ಎಳೆ ಮಾಡಿದ್ರೆ ಏನಾಗೋದು? ರುಚಿ ನೋಡ್ಬೇಕಿತ್ತು" ಎಂದರು ಯಜಮಾನರು.

"ಅತ್ತ ಕಡೆ ಕೈ ಹಾಕಿದ್ರೆ ತಾತಂಗೂ ಹಗ್ಗ ಕಟ್ತೀನಿ" ಎಂದಳು ಮೊಮ್ಮಗಳು, ಬಾಯಿ ತುಂಬ ಶಾವಿಗೆ ಇಟ್ಟುಕೊಂಡೇ.

ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತಿದ್ದೆವು. ಬಡಿಸುವವರು ಬೇರೆ, ಉಣ್ಣುವವರು ಬೇರೆ ಎಂಬುದಿರಲಿಲ್ಲ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಯಾರ ಕೈಗೆ ಸಿಕ್ಕರೆ ಅವರು ಬಡಿಸಿಕೊಂಡರು. ಅಳಿಯ ಇನ್ನು ಸಾಕು ಎನ್ನುತ್ತಲೇ ತಟ್ಟೆ ಮುಂದಕ್ಕೆ ತಳ್ಳುತ್ತಿದ್ದ. ಮೊಮ್ಮಗಳು ತಟ್ಟೆ ಬರಿದು ಮಾಡಿ, ಬೆರಳು ನೆಕ್ಕಿ, "ಅಮ್ಮಾ, ಇನ್ನೊಂದು ಉಂಡೆ ಒತ್ತು" ಎಂದಳು. ಸೊಸೆ ಎದ್ದಳು, ಮಗ ಎಂಜಲು ಕೈಯಲ್ಲೇ ಎದ್ದು ಒರಳಿನ ಹಿಡಿಗೆ ಮೊಣಕೈ ಊರಿದ. ಬಿಸಿ ಶಾವಿಗೆ ಅವಳ ತಟ್ಟೆಗೆ ಇಳಿಯಿತು. ನಾನು ಮೇಲೆ ಕಾಯಿಹಾಲು ಹೊಯ್ದೆ. ಅವಳು ಸಾಕು ಅನ್ನಲಿಲ್ಲ, ನಾನು ನಿಲ್ಲಿಸಲಿಲ್ಲ.